ಷರಾ

ಊದಿ ಸಾರ್, ಅನ್ನುತ್ತೇನೆ.
ಇನ್ನೂ, ಇನ್ನೂ, ಇನ್ನೊಂಚೂರು.
ಕೊಳವೆಯೊಳಗೆ ಒಬ್ಬರ ಉಸಿರು ಹಾದುಹೋಗುವಷ್ಟು ಹೊತ್ತು
ನನ್ನದನ್ನು ಹಿಡಿದಿಟ್ಟುಕೊಂಡಿರುತ್ತೇನೆ.
ಹನ್ನೊಂದು ವರ್ಷದ ಚಾಳಿ.
ಪೀಂಕ್ ಅನ್ನುತ್ತದೆ ಯಂತ್ರ:
ಸೊನ್ನೆ, ಚುಕ್ಕಿ, ಸೊನ್ನೆ ಸೊನ್ನೆ ಸೊನ್ನೆ.

ಜಕ್ಕೂರಿನ ಬೆಳಗು, ಆರೂಕಾಲು.
ಕೆರೆ ಕಡೆಯಿಂದ ಬಂದ ಮಂಜು
ಹ್ಯಾಂಗರಿನ ತಗಡಿಗೆ ಒರಗಿ ನಿಂತಿದೆ.
ಬಳ್ಳಾರಿ ರಸ್ತೆಯ ಮೇಲ್ಸೇತುವೆಯಲ್ಲಿ ಬಸ್ಸುಗಳು
ದೊಡ್ಡ ವಿಮಾನಗಳಿಗೆ ಜನರನ್ನು ಒಯ್ಯುತ್ತಿವೆ.
ನಮ್ಮವು ಸಣ್ಣವು. ನಾಲ್ಕು ಸೀಟು, ಒಂದೇ ಫ್ಯಾನು,
ರೆಕ್ಕೆ ಹಿಡಿದು ತಳ್ಳಿದರೆ ಕೂಸಿನ ಗಾಡಿಯ ಹಾಗೆ ಬರುತ್ತವೆ.
ದೊಡ್ಡದರಲ್ಲಿ ಒಬ್ಬರ ಕಣ್ಣು ಮುಚ್ಚಿದರೆ ಪಕ್ಕದಲ್ಲಿ ಇನ್ನೊಬ್ಬರು.
ಇಲ್ಲಿ ಪಕ್ಕದಲ್ಲಿ ಸೋದರಳಿಯ,
ಅವನ ಕೈಯಲ್ಲಿ ಚಿಪ್ಸ್ ಪೊಟ್ಟಣ.

ನಾಣಯ್ಯ ಸಾರ್ ಆವತ್ತು ಊದಿದರು. ಸೊನ್ನೆ.
ಕೊಡಗಿನ ಮದುವೆಮನೆಯಲ್ಲೂ
ಕಿತ್ತಳೆ ರಸ ಹಿಡಿದು ನಿಲ್ಲುವ ಮನುಷ್ಯ.
ರಿಜಿಸ್ಟರಿನಲ್ಲಿ ಸಹಿ ಹಾಕಿ ತಾರೀಖು ಬರೆದರು:
ಹದಿನಾಲ್ಕು.
ಆವತ್ತು ಹದಿನೈದು.

ತಪ್ಪು ಯಾರಿಗಾಗುವುದಿಲ್ಲ?
ನನ್ನ ಗಂಡ ಜನವರಿ ಪೂರ್ತಿ ಹಳೇ ವರ್ಷವನ್ನೇ ಬರೆಯುತ್ತಾನೆ.
ಆದರೂ ತಲೆ ಎತ್ತಿ ಅವರ ಕಣ್ಣು ನೋಡಿದೆ.
ಅಲ್ಲಿ ಇನ್ನೂ ನಿನ್ನೆಯೇ ಇತ್ತು.

ಮೂಗು ಕಟ್ಟಿತ್ತು. ಕಿಸೆಯಿಂದ ಇಣುಕುತ್ತಿತ್ತು
ಮಾತ್ರೆಯ ಬೆಳ್ಳಿ ಹಾಳೆ, ಆರರಲ್ಲಿ ನಾಲ್ಕು ಗುಳಿ ಖಾಲಿ.
ನಿದ್ದೆ ಆಯಿತಾ ಸಾರ್?
ಆಯ್ತಲ್ಲ ಸಿಸ್ಟರ್, ಬೇಕಾದಷ್ಟು,
ಅನ್ನುತ್ತ ಪೆನ್ನಿಗೆ ಮುಚ್ಚಳ ಹಾಕಲು
ಮೂರು ಸಲ ಹೋಯಿತು ಕೈ.

ಯಂತ್ರಕ್ಕೆ ಗೊತ್ತಿರುವುದು ಒಂದೇ ಪ್ರಶ್ನೆ.
ಕೇಳುತ್ತದೆ, ಉತ್ತರ ಪಡೆಯುತ್ತದೆ, ಆರಿಹೋಗುತ್ತದೆ.
ನಾಲ್ಕು ಮಾತ್ರೆಯ ವಾಸನೆ ಅದಕ್ಕೆ ಹತ್ತುವುದಿಲ್ಲ.
ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯದೂ ಇಲ್ಲ
(ಒಳಗೆ ಅವರ ಅಣ್ಣ; ನನಗೆ ಗೊತ್ತಾದದ್ದು ಆಮೇಲೆ).

ಹಿಂದೊಮ್ಮೆ ಹೀಗೇ ಒಬ್ಬರಿಗೆ ಸೊನ್ನೆ ಬರೆದು ಕಳಿಸಿದ್ದೆ.
ಸತ್ತವರ ಕತೆಯಲ್ಲ, ತಿರುಗಿ ಬಂದರು.
ಬಂದು, ನೆಲ ಇನ್ನೂ ಎರಡಾಳು ಕೆಳಗಿರುವಾಗಲೇ
ಇಳಿದೆ ಅಂದುಕೊಂಡರು.
ಮುಂದಿನ ಗಾಲಿ ಮುರಿದು,
ಫ್ಯಾನಿನ ಅಲಗು ಒಣಬಾಳೆಯ ಹಾಗೆ ಸುರುಳಿ.
ವಿಚಾರಣೆಗೆ ಬಂದವರು ನನ್ನ ರಿಜಿಸ್ಟರು ತಿರುವಿ ತಲೆದೂಗಿದರು,
ಎಲ್ಲ ಸರಿಯಾಗಿದೆ.
ಆ ಸರಿ ಇವತ್ತಿಗೂ ನನಗೆ ಅರಗಿಲ್ಲ.

ತಡೆಯುವ ಅಧಿಕಾರ ನನಗಿಲ್ಲ. ಇದ್ದದ್ದು ಫ್ಲಾಸ್ಕು.
ಮಂಜು ಸರಿಯಲಿ ಸಾರ್, ಶುಂಠಿ ಕಷಾಯ ಇದೆ, ಒಂದು ಲೋಟ.
ಬೆಂಚಿನ ಮೇಲೆ ಕೂತರು.
ಮಂಜಿಗಿಂತ ಮೊದಲು ಅವರ ತಲೆ ವಾಲಿತು.
ಲೋಟ ಮೆಲ್ಲಗೆ ಬಿಡಿಸಿಕೊಂಡೆ.
ಗಾಲಿಯ ಅಡ್ಡಮರ ತೆಗೆಯಲು ಬಗ್ಗಿದ್ದ ಮುರ್ತುಜಾನಿಗೆ
ಗಾಜಿನೊಳಗಿಂದ ಕೈ ಆಡಿಸಿದೆ: ಬೇಡ.
ಸೋದರಳಿಯ ಚಿಪ್ಸ್ ತಿನ್ನುತ್ತ ಹದ್ದು ಎಣಿಸಿದ.

ಎದ್ದಾಗ ಒಂಬತ್ತೂವರೆ, ಆಕಾಶ ಬೆಳಗಿದ ತಟ್ಟೆ.
ರೇಗಿದರು.
ಯಾರು ಹೇಳಿದ್ದು ನಿಮಗೆ ಎಬ್ಬಿಸಬೇಡಿ ಅಂತ?
ಹುಡುಗನಿಗೆ ಮಾತು ಕೊಟ್ಟಿದ್ದೆ.
ಸೊನ್ನೆ ಬಂದಿತ್ತೋ ಇಲ್ಲವೋ?
ಬಂದಿತ್ತು ಸಾರ್.
ಆಫೀಸಿನಲ್ಲಿ ದೂರು ಬರೆದು, ಕಾರು ಹತ್ತಿ ಹೋದರು.
ಕಾರಿನವರಿಗೆ ಊದಿಸುವ ಪೊಲೀಸರು
ಮೇಲ್ಸೇತುವೆಯ ಬುಡದಲ್ಲಿ ನಿಲ್ಲುವುದು ರಾತ್ರಿ ಮಾತ್ರ.

ರಿಜಿಸ್ಟರಿನ ಕೊನೆಯ ಕಾಲಂ, ಷರಾ.
ಹನ್ನೊಂದು ವರ್ಷ ಅಲ್ಲಿ ಅಡ್ಡಗೆರೆ ಎಳೆದಿದ್ದೇನೆ.
ಆವತ್ತು ನನ್ನ ದುಂಡಕ್ಷರದಲ್ಲಿ ಬರೆದೆ:
ಇವರಿಗೆ ಹದಿನಾಲ್ಕನೇ ತಾರೀಖು ಇನ್ನೂ ಮುಗಿದಿಲ್ಲ.
ಏನಮ್ಮ ಲೂರ್ದು ಮೇರಿ, ಇದೇನು ಕತೆಯಾ, ಅಂದರು ಮೇಲಿನವರು.
ಕೆಂಪಿನಲ್ಲಿ ಹೊಡೆದುಹಾಕಿದರು, ಮೆಮೊ ಕೊಟ್ಟರು.
ಬೆಳಕಿಗೆ ಹಿಡಿದರೆ ಈಗಲೂ ಓದಬಹುದು.

ಮರುದಿನ ಆರೂಕಾಲು. ಬನ್ನಿ ಸಾರ್, ಊದಿ.
ಈಗೀಗ ಅಂಕಿಯನ್ನು ಆಮೇಲೆ ನೋಡುತ್ತೇನೆ.
ಮೊದಲು ಪೆನ್ನು ಕೊಡುತ್ತೇನೆ,
ಮುಚ್ಚಳ ಹಾಕಿಯೇ.